ಮೆಲ್ಲಗೆ ಮಾತಾಡುವ ಮನೆ

ಆ ಸದ್ದು ಮೊದಲ ಸಲ ಕೇಳಿಸಿದ ದಿನ ನಾನು ಅದನ್ನು ಮನೆಯಲ್ಲೆಲ್ಲ ಹುಡುಕಾಡಿದೆ. ರವಿವಾರ ಮಧ್ಯಾಹ್ನ. ಊಟ ಮುಗಿಸಿ ನನ್ನ ಗಂಡ ಪಡಸಾಲೆಯಲ್ಲಿ ಚಾಪೆಯ ಮೇಲೆ ಅಡ್ಡಾಗಿದ್ದರು. ನಾನು ಅಡುಗೆಮನೆಯಲ್ಲಿ ಭಾಂಡೆ ಒರೆಸಿಡುತ್ತಿದ್ದೆ. ಎಲ್ಲಿಂದಲೋ ಸಣ್ಣಗೆ, ಒಂದೇ ಎಳೆಯಾಗಿ, 'ಈಂ' ಎನ್ನುವ ಸದ್ದು. ಫ್ರಿಜ್ಜಿನದಿರಬೇಕು ಎಂದು ಅದರ ಪ್ಲಗ್ ತೆಗೆದೆ. ನಿಲ್ಲಲಿಲ್ಲ. ಟಿವಿ, ಇನ್ವರ್ಟರ್, ದೇವರ ಜಗಲಿಯ ಮೇಲಿನ ಸಣ್ಣ ಬಲ್ಬು, ಎಲ್ಲ ಆರಿಸಿದೆ. ಕೊನೆಗೆ ಮೀಟರಿನ ಹತ್ತಿರ ಹೋಗಿ ಮೇನ್ ಸ್ವಿಚ್ಚನ್ನೇ ಇಳಿಸಿದೆ. ಫ್ಯಾನು ನಿಂತು ಸೆಕೆಯಾಗಿ ಇವರು ಎದ್ದು ಕುಳಿತರು.

"ಏನ ಮಾಡಾಕತ್ತೀ?"

"ಏನೋ ಸಪ್ಪಳ ಬರಾಕತ್ತೈತ್ರಿ. ನಿಮಗ ಕೇಳಸವಲ್ದೇನು?"

ಇವರು ಗೋಡೆಗೆ ಕಿವಿ ಹಚ್ಚಿದರು. ಗ್ಯಾಸ್ ಸಿಲಿಂಡರಿಗೆ ಹಚ್ಚಿದರು. ಹಿತ್ತಲಿಗೆ ಹೋಗಿ ಬಾಜೂ ಮನೆಯವರ ನೀರಿನ ಪಂಪಿನ ಕಡೆಗೂ ಕಿವಿಗೊಟ್ಟು ಬಂದು, "ಏನೂ ಇಲ್ಲ ತೊಗೋ. ಇಲಿ ಹಾಡಾಕತ್ತಿರಬೇಕು" ಎಂದು ನಕ್ಕರು. ಇವರು ಬೆಳಗಾವಿಯ ಹೊರಗಿನ ಮಚ್ಛೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಮೇಸ್ತ್ರಿ. ದಿನವಿಡೀ ಲೇತ್ ಯಂತ್ರಗಳ ನಡುವೆ ಕೂಗಿ ಕೂಗಿ ಮಾತಾಡಿ ರೂಢಿ. ಮನೆಯಲ್ಲೂ ಅದೇ ದನಿ. ನಕ್ಕರಂತೂ ಓಣಿಯ ತುದಿಯವರು ಇವರು ಮನೆಗೆ ಬಂದರು ಎಂದು ತಿಳಿದುಕೊಳ್ಳುತ್ತಿದ್ದರು.

ಸದ್ದು ಯಾವ ದಿಕ್ಕಿನಿಂದ ಬರುತ್ತದೆಂದು ನೋಡಲು ನಾನು ಎರಡೂ ಅಂಗೈಗಳಿಂದ ಕಿವಿ ಮುಚ್ಚಿಕೊಂಡೆ. ಅದು ಇನ್ನೂ ಜೋರಾಯಿತು. ಆಗ ಗೊತ್ತಾಯಿತು, ಅದು ನನ್ನೊಳಗೇ ಇದೆ ಎಂದು.

"ನಿಂತ್ತೇನು?" ಎಂದು ಇವರು ಕೇಳಿದರು.

"ಹೂಂ, ನಿಂತ್ತು" ಎಂದೆ. ಯಾಕೆ ಹಾಗೆಂದೆನೋ ತಿಳಿಯದು. ಸ್ವಿಚ್ ಮೇಲೆತ್ತಿ ಮತ್ತೆ ಭಾಂಡೆ ಒರೆಸಲು ಹೋದೆ.

ಆಮೇಲೆ ಮುಚ್ಚಿಡಲು ಆಗಲಿಲ್ಲ. ಕಿವಿಯ ಡಾಕ್ಟರರು ಗಾಜಿನ ಕಿಟಕಿಯ ಒಂದು ಸಣ್ಣ ಕೋಣೆಯಲ್ಲಿ ಕೂಡಿಸಿ, ತಲೆಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಗುಂಡಿ ಒತ್ತಲು ಹೇಳಿದರು. ಹೊರಗಿನ ಸದ್ದು ಯಾವುದು, ನನ್ನದು ಯಾವುದು ಎಂದು ತಿಳಿಯದೆ ನಾನು ಒತ್ತುತ್ತಲೇ ಇದ್ದೆ. ಮೇಲಿನ ಸ್ವರಗಳು ಸ್ವಲ್ಪ ಕಡಿಮೆ ಕೇಳಿಸುತ್ತವೆ, ಗಾಬರಿಯಾಗುವಂಥದ್ದೇನೂ ಇಲ್ಲ ಎಂದರು ಡಾಕ್ಟರರು. "ಚಿಕ್ಕಂದಿನಾಗ ಭಾಳ ಸಪ್ಪಳದಾಗ ಇದ್ದೀರೇನ್ರಿ?" ಎಂದು ಕೇಳಿದರು. ನಾನು ಹುಟ್ಟಿ ಬೆಳೆದದ್ದು ಬೆಳಗಾವಿಯ ನೇಕಾರರ ಪೇಟೆ ವಡಗಾವಿಯಲ್ಲಿ, ಪವರ್‌ಲೂಮಿನ ಮನೆಯಲ್ಲಿ. ಮಗ್ಗಗಳ ನಡುವಿನ ಸಂದಿಯಲ್ಲೇ ಕುಳಿತು ಮಗ್ಗಿ ಬಾಯಿಪಾಠ ಮಾಡಿದವಳು. ಹೇಳಿದೆ. ಅವರು ತಲೆಯಾಡಿಸಿದರು. ಅದಕ್ಕೊಂದು ಇಂಗ್ಲಿಷ್ ಹೆಸರು ಹೇಳಿ, ಔಷಧವಿಲ್ಲ, ರೂಢಿ ಮಾಡಿಕೊಳ್ಳಬೇಕು ಎಂದರು.

"ಔಷಧ ಇಲ್ಲಂದ್ರ ಹೆಂಗ್ರಿ ಸಾಹೇಬ್ರ?" ಎಂದು ಇವರು ಜೋರಾಗಿ ಕೇಳಿದರು. ನನ್ನ ಭುಜ ಕುಣಿದು ಕಿವಿಯ ಹತ್ತಿರ ಬಂತು. ಡಾಕ್ಟರರು ಅದನ್ನು ನೋಡಿದರು. ಇವರೂ ನೋಡಿದರು.

ಅದು ಎರಡನೆಯ ಕಾಟದ ಆರಂಭ. ಒಳಗಿನ ಸದ್ದಿನ ಜೊತೆಗೆ ಹೊರಗಿನ ಸದ್ದುಗಳು ನೋಯಿಸತೊಡಗಿದವು. ಎಲ್ಲವೂ ಅಲ್ಲ. ಸ್ಟೀಲ್ ತಾಟಿಗೆ ಚಮಚ ತಗುಲಿದ್ದು, ಪ್ಲಾಸ್ಟಿಕ್ ಚೀಲ ಮುದುಡಿದ್ದು, ಕುಕ್ಕರಿನ ಸೀಟಿ, ಸ್ಕೂಟರಿನ ಬ್ರೇಕು. ಹಲ್ಲಿನ ಹುಳುಕಿಗೆ ತಣ್ಣೀರು ಬಡಿದ ಹಾಗೆ ಕಿವಿಯೊಳಗೆ ಬಡಿದು ದವಡೆಯವರೆಗೆ ಹರಿಯುತ್ತಿತ್ತು. ನಾನು ಅಂಚೆ ಕಚೇರಿಯಲ್ಲಿ ಕೌಂಟರಿನ ಗುಮಾಸ್ತೆ. ಅಲ್ಲಿ ಠಸ್ಸೆ ಹೊಡೆಯುವ ಸದ್ದಿಗೆ ಬಿಡುವೇ ಇಲ್ಲ. ಪಕ್ಕದವರು ಒಂದೊಂದು ಹೊಡೆದಾಗಲೂ ನನಗೆ ಕಣ್ಣು ಮುಚ್ಚುತ್ತಿತ್ತು. ಗಿರಾಕಿಗಳು ತಮಗೇ ಮುಖ ಸಿಂಡರಿಸಿದೆ ಎಂದುಕೊಳ್ಳುತ್ತಿದ್ದರು.

ಮನೆಯಲ್ಲಿ ಇವರು ನನಗಾಗಿ ಎಲ್ಲ ಬದಲಿಸಿದರು. ಒಂದು ದಿನ ಸ್ಟೀಲ್ ತಾಟು, ವಾಟಿಗಳೆಲ್ಲ ಅಟ್ಟಕ್ಕೆ ಹೋದವು, ಫೈಬರಿನವು ಬಂದವು. ಖುರ್ಚಿಯ ಕಾಲುಗಳಿಗೆ ಹಳೇ ಸ್ವೆಟರ್ ಕತ್ತರಿಸಿ ಸುತ್ತಿದರು. ಬಾಗಿಲಿನ ಚಿಲಕಕ್ಕೆ ಎಣ್ಣೆ. ಕಾರ್ಖಾನೆಯಲ್ಲಿ ಹಾಕಿಕೊಳ್ಳುವ ಹಳದಿ ಬಣ್ಣದ ದಪ್ಪ ಕಿವಿಮುಚ್ಚಳ ತಂದುಕೊಟ್ಟರು. ಮಾತು ಇಳಿಯಿತು. ಮೊದಲು ಮೆಲ್ಲಗೆ, ಆಮೇಲೆ ಪಿಸುದನಿ. ಮೂವತ್ತು ವರ್ಷಕ್ಕೆ ಬಂದ ಸಂಸಾರದಲ್ಲಿ ನಾನು ಕೇಳದ ದನಿ ಅದು. ಬೇರೆ ಯಾರದೋ ಗಂಡನೊಬ್ಬ ನಮ್ಮ ಮನೆಯಲ್ಲಿ ಕಾಲು ಎತ್ತಿಡುತ್ತ ಅಡ್ಡಾಡುತ್ತಿದ್ದಾನೆ ಎನಿಸುತ್ತಿತ್ತು. ನಮಗೆ ಮಕ್ಕಳಿಲ್ಲ. ಆ ಮನೆಯಲ್ಲಿದ್ದ ಗದ್ದಲವೆಲ್ಲ ಇವರದೇ ಆಗಿತ್ತು.

ರವಿವಾರ ಸಂಜೆ ಇವರ ಕಾರ್ಖಾನೆಯ ಗೆಳೆಯರು ಇಬ್ಬರು ಮೂವರು ಬರುವ ರೂಢಿ. ಚಹಾ, ಚುರಮುರಿ, ಹೊತ್ತು ಮುಳುಗುವವರೆಗೆ ಹರಟೆ. ಅವರೂ ಬಂದು ಪಿಸುದನಿಯಲ್ಲಿ ಮಾತಾಡಿ, ಚುರಮುರಿಯನ್ನು ಸಪ್ಪಳವಾಗದಂತೆ ಅಗಿದು, ಬೇಗ ಎದ್ದು ಹೋಗತೊಡಗಿದರು. ಆಮೇಲೆ ಬರುವುದು ತಪ್ಪಿತು. ಯಾರೂ ನನಗೆ ಏನೂ ಅನ್ನಲಿಲ್ಲ. "ಬರಾಕ ಹೇಳ್ರಿ ಅವರಿಗೆ" ಎಂದರೆ ಇವರು, "ಅವರಿಗೂ ಮನಿ ಮಠ ಅದಾವಲ್ಲ" ಎಂದುಬಿಡುತ್ತಿದ್ದರು.

ಒಂದು ರವಿವಾರ ಸಂತೆಯಿಂದ ಕಾಯಿಪಲ್ಯೆ ತೆಗೆದುಕೊಂಡು ಓಣಿಗೆ ತಿರುಗಿದಾಗ ಇವರ ನಗು ಕೇಳಿಸಿತು. ಎಷ್ಟೋ ತಿಂಗಳ ಮೇಲೆ. ಮೂಲೆಯ ಸೈಕಲ್ ಅಂಗಡಿಯ ಕಟ್ಟೆಯ ಮೇಲೆ ಆ ಗೆಳೆಯರೊಡನೆ ಕುಳಿತಿದ್ದರು. ಯಾರೋ ಏನೋ ಹೇಳುತ್ತಿದ್ದರು, ಇವರು ತೊಡೆ ತಟ್ಟಿ ನಗುತ್ತಿದ್ದರು. ಅಷ್ಟು ದೂರದಿಂದ ಅದು ನನಗೆ ನೋಯಲಿಲ್ಲ. ನಿಂತು ಕೇಳಿದೆ. ಅಷ್ಟರಲ್ಲಿ ಒಬ್ಬರು ನನ್ನನ್ನು ನೋಡಿ ಇವರ ಮೊಣಕೈ ಮುಟ್ಟಿದರು. ಎಲ್ಲರೂ ಒಮ್ಮೆಲೆ ಸುಮ್ಮನಾದರು. ಸಾಲೆಯಲ್ಲಿ ಮಾಸ್ತರರು ಬಂದಾಗ ಮಕ್ಕಳು ಆಗುತ್ತಾರಲ್ಲ, ಹಾಗೆ. ಇವರು ಎದ್ದು ಬಂದು ಚೀಲ ಇಸಿದುಕೊಂಡು ಮೆತ್ತಗೆ, "ಮೆಂತೇಪಲ್ಯಾ ಸಿಕ್ತೇನು?" ಎಂದರು.

ಅವತ್ತೇ ನಾನು ವರ್ಗಕ್ಕೆ ಅರ್ಜಿ ಹಾಕಬೇಕೆಂದು ಮನಸ್ಸು ಮಾಡಿದ್ದು. ಆ ವರ್ಷದ ಗಣಪತಿ ಮೆರವಣಿಗೆ ಅದಕ್ಕೊಂದು ನೆಪವಾಯಿತು. ನಮ್ಮ ಬೆಳಗಾವಿಯಲ್ಲಿ ಗಣಪತಿ ಕಳಿಸುವುದೆಂದರೆ ಒಂದು ಹಗಲು ಒಂದು ರಾತ್ರಿಗೆ ಮುಗಿಯುವ ಮಾತಲ್ಲ. ಡಿಜೆಯ ಏಟಿಗೆ ಕಿಟಕಿಯ ಗಾಜು ನಡುಗುತ್ತಿತ್ತು. ಕಿವಿಮುಚ್ಚಳ ಹಾಕಿಕೊಂಡು, ಅದರ ಮೇಲೆ ಶಾಲು ಸುತ್ತಿಕೊಂಡು, ಬಚ್ಚಲುಮನೆಯಲ್ಲಿ ಕುಳಿತೆ. ಅಲ್ಲಿ ಕಿಟಕಿ ಸಣ್ಣದು. ಇವರು ಬಾಗಿಲ ಹೊರಗೆ ಮಣೆ ಹಾಕಿಕೊಂಡು ಕುಳಿತರು. ಸಣ್ಣ ಹುಡುಗನಾಗಿದ್ದಾಗಿನಿಂದ ಆ ಮೆರವಣಿಗೆ ತಪ್ಪಿಸದವರು. "ಹೋಗಿ ಬರ್ರಿ" ಎಂದು ಒಳಗಿನಿಂದ ಹೇಳಿದೆ. ಉತ್ತರ ಬಂತೋ ಇಲ್ಲವೋ, ನನಗೆ ಕೇಳಿಸಲಿಲ್ಲ.

ಖಾನಾಪುರಕ್ಕೆ ವರ್ಗವಾಯಿತು. ದಿನಾ ಹೋಗಿ ಬರುವಷ್ಟೇ ದೂರ. ಎಷ್ಟೋ ಜನ ಹಾಗೆ ಮಾಡುತ್ತಾರೆ. ಬಸ್ಸಿನ ಹಾರ್ನು ನನಗೆ ಆಗುವುದಿಲ್ಲ, ಅಲ್ಲೇ ಒಂದು ಖೋಲಿ ಹಿಡಿಯುತ್ತೇನೆ ಎಂದೆ.

"ನಾ ಏನ ತಪ್ಪ ಮಾಡೀನಿ ಹೇಳು" ಎಂದರು ಇವರು. ಆಗಲೂ ಪಿಸುದನಿಯಲ್ಲೇ.

"ನೀವೇನೂ ಮಾಡಿಲ್ರಿ. ಅಲ್ಲಿ ಶಾಂತ ಐತಿ."

ನನ್ನ ಖೋಲಿ ಪೇಟೆಯ ಹಿಂದಿನ ಓಣಿಯ ಹಳೇ ಹೆಂಚಿನ ಮನೆಯಲ್ಲಿ. ಮಾಲೀಕರು ವಯಸ್ಸಾದ ಮುಸಲ್ಮಾನ ಹೆಂಗಸು. ಎಲ್ಲರೂ ಚಾಚಿ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಮಗ ಗೋವಾಕ್ಕೆ ಟೆಂಪೋ ಓಡಿಸುತ್ತಿದ್ದ. ವಾರದ ಹೆಚ್ಚು ದಿನ ಅವರೊಬ್ಬರೇ. ಮಗನೊಡನೆ ಉರ್ದು, ಹಾಲಿನವಳೊಡನೆ ಮರಾಠಿ, ನನ್ನೊಡನೆ ಕನ್ನಡ.

ಶಾಂತ ಐತಿ ಎಂದು ಬಂದೆನಲ್ಲ, ಆ ಶಾಂತಿಯೇ ನನಗೆ ಮುಳುವಾಯಿತು. ಸಂಜೆ ಕಚೇರಿಯಿಂದ ಬಂದು ಬಾಗಿಲು ಹಾಕಿಕೊಂಡರೆ ಹೊರಗೆ ಏನೂ ಇಲ್ಲ, ಒಳಗಿನದೊಂದೇ. ಬೆಳಗಾವಿಯಲ್ಲಿ ದಾರದಷ್ಟಿದ್ದ ಸದ್ದು ಇಲ್ಲಿ ಖೋಲಿಯ ತುಂಬ ನಿಂತಿತು. ಮಳೆ ಬಂದು ಹೆಂಚಿನ ಮೇಲೆ ಸುರಿದರೆ ಮಾತ್ರ ಸ್ವಲ್ಪ ಬಿಡುವು. ಖಾನಾಪುರದಲ್ಲಿ ಮಳೆಗೇನೂ ಕೊರತೆಯಿಲ್ಲ, ಆದರೆ ಅದೂ ನಿಲ್ಲುತ್ತದಲ್ಲ. ಮಳೆಯ ಜೊತೆಗೆ ಕರೆಂಟೂ ಹೋಗುತ್ತದೆ. ಫ್ಯಾನು ನಿಂತಾಗ ನಾನು ಎದ್ದು ಹೊರಗೆ ಬಂದು, ಹಿತ್ತಲಿನ ನಲ್ಲಿ ತಿರುಗಿಸಿ, ಬಕೀಟಿಗೆ ನೀರು ಬೀಳುವುದನ್ನು ಕೇಳುತ್ತ ನಿಲ್ಲುತ್ತಿದ್ದೆ.

ಹಾಗೆ ನಿಂತಿದ್ದಾಗಲೇ ಅಪ್ಪ ನೆನಪಾದದ್ದು. ವಡಗಾವಿಯಲ್ಲಿ ಕರೆಂಟ್ ಹೋಗಿ ಓಣಿಯ ಮಗ್ಗಗಳೆಲ್ಲ ಒಮ್ಮೆಲೆ ನಿಂತಾಗ ನಾವು ಮಕ್ಕಳು ಖುಷಿಯಿಂದ ಕೂಗುತ್ತಿದ್ದೆವು. ಒಬ್ಬರ ಮಾತು ಒಬ್ಬರಿಗೆ ಕೇಳುವ ಹೊತ್ತು ಅದು. ಹೆಂಗಸರು ಕಟ್ಟೆಗೆ ಬಂದು ಕೂಡುತ್ತಿದ್ದರು. ಅಪ್ಪ ಮಾತ್ರ ಮುಖ ಗಂಟಿಕ್ಕಿಕೊಂಡು ಹಿಂದಿನ ನಲ್ಲಿಯ ಹತ್ತಿರ ಹೋಗಿ ನೀರು ಬಿಟ್ಟುಕೊಂಡು ಕುಳಿತಿರುತ್ತಿದ್ದ. ಕೈಕಾಲು ತೊಳೆಯುತ್ತಿದ್ದಾನೆ ಎಂದುಕೊಳ್ಳುತ್ತಿದ್ದೆವು. ಕೆಲಸ ನಿಂತಿತಲ್ಲ, ಅದಕ್ಕೇ ಸಿಟ್ಟು ಎನ್ನುತ್ತಿದ್ದಳು ಅವ್ವ. ರಜೆಯ ದಿನವೂ ಹಾಗೇ, ಸುಮ್ಮಸುಮ್ಮನೆ ರೇಗುವುದು, ಒಬ್ಬನೇ ದಾರಿ ಹಿಡಿದು ಎಲ್ಲೋ ಹೋಗುವುದು. ಮಗ್ಗ ಶುರುವಾದ ಕೂಡಲೇ ಆ ಕಿವಿಗಡಚಿಕ್ಕುವ ಗದ್ದಲದ ನಡುವೆ ಅವನ ಮುಖ ಸಡಿಲಾಗುತ್ತಿತ್ತು. ಅವನಿಗೂ ಇದೇ ಇತ್ತೆ? ಇದ್ದರೆ ಅದಕ್ಕೊಂದು ಹೆಸರಿದೆ ಎಂದು ಅವನಿಗೆ ಯಾರು ಹೇಳಿದ್ದರು? ಅಪ್ಪ ತೀರಿಕೊಂಡು ಎಷ್ಟೋ ವರ್ಷವಾಗಿದೆ. ಅವ್ವನೂ ಇಲ್ಲ. ಕೇಳಲು ಯಾರೂ ಉಳಿದಿಲ್ಲ.

ನಲ್ಲಿಯ ಹತ್ತಿರ ನಾನು ಸುಮ್ಮನೆ ನಿಲ್ಲುವುದನ್ನು ಚಾಚಿ ನೋಡಿದ್ದರು. ಒಂದು ಸಂಜೆ ಅಕ್ಕಿ ಆರಿಸುತ್ತ ಕುಳಿತವರು ಕರೆದರು. "ಬಾ ಬೇಟಿ, ಕುಂದ್ರು. ನಿನಗ ಏನ ಆಗೇತಿ?"

ಹೇಳಿದೆ. ಕಿವಿಯಲ್ಲಿ ಸದ್ದು ಬರುತ್ತದೆ ಎಂದರೆ ಎಲ್ಲರೂ ಬೆಳ್ಳುಳ್ಳಿ ಎಣ್ಣೆ, ಉಪ್ಪಿನ ಶಾಖ ಎಂದು ಮದ್ದು ಹೇಳುತ್ತಾರೆ. ಅದಕ್ಕೆ ತಯಾರಾಗಿಯೇ ಇದ್ದೆ. ಚಾಚಿ ಮೊರ ಕೆಳಗಿಟ್ಟರು.

"ಆವಾಜ್ ಹೆಂಗ ಬರ್ತೈತಿ? ಮಾಡಿ ತೋರ್ಸು."

ಆವರೆಗೆ ಯಾರೂ ಹಾಗೆ ಕೇಳಿರಲಿಲ್ಲ. ಡಾಕ್ಟರರೂ ಇಲ್ಲ, ಇವರೂ ಇಲ್ಲ. ನನಗೆ ನಾಚಿಕೆಯಾಯಿತು. ಆಮೇಲೆ ಹಲ್ಲು ಕಚ್ಚಿ ಗಂಟಲಿನ ತುದಿಯಿಂದ 'ಈಂ' ಎಂದೆ. ಸರಿಯಾಗಿ ಬರಲಿಲ್ಲ. ಇನ್ನಷ್ಟು ಸಣ್ಣ ಮಾಡಿ ಮತ್ತೆ ಮಾಡಿದೆ. ಉಸಿರು ಮುಗಿಯುವವರೆಗೆ ಚಾಚಿ ಕಣ್ಣು ಮುಚ್ಚಿ ಕೇಳಿದರು.

"ಈಗ ನಾ ಮಾತಾಡೂಮುಂದನೂ ಬರಾಕತ್ತೈತಿ?"

"ಹೂಂ, ಚಾಚಿ."

"ಉಣ್ಣೂಮುಂದ?"

"ಆಗೂ ಬರ್ತೈತಿ. ಮುಂಜಾನೆ ಎಚ್ಚರಾದ ಕೂಡ್ಲೆ ಮೊದಲ ಅದನ್ನ ಕೇಳ್ತೀನಿ."

"ಬ್ಯಾರೇದವ್ರಿಗೆ ಒಟ್ಟ ಕೇಳಂಗಿಲ್ಲ?"

"ಇಲ್ಲ."

ಅವರು ಮೊರ ಎತ್ತಿಕೊಂಡರು. ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದರು. "ಯಾ ಅಲ್ಲಾ, ಭಾಳ ಒಬ್ಬಾಕಿ ಅದೀ ನೀ" ಎಂದರು.

ನಾನು ಅತ್ತೆ. ಅವರು ಸಮಾಧಾನ ಮಾಡಲಿಲ್ಲ. ಅಕ್ಕಿ ಆರಿಸುತ್ತಲೇ ಇದ್ದರು. ಮೊರದಲ್ಲಿ ಅಕ್ಕಿ ಸರಿಯುವ ಆ ಸದ್ದು ನನಗೆ ಹಿತವಾಗಿತ್ತು.

ಇವರು ರವಿವಾರಕ್ಕೊಮ್ಮೆ ಬರುತ್ತಿದ್ದರು. ಖೋಲಿಯಲ್ಲಿ ಇದ್ದುದು ಒಂದೇ ಖುರ್ಚಿ. ಅದರ ಮೇಲೆ ಕುಳಿತು ಮೆಲ್ಲಗೆ ಮಾತಾಡಿ, ನಾನು ಮಾಡಿದ್ದನ್ನು ಉಂಡು, ಸಂಜೆಯ ಗಾಡಿಗೆ ಹೋಗುತ್ತಿದ್ದರು. ಒಮ್ಮೆ ಚಾಚಿ ಬಾಗಿಲಲ್ಲಿ ನಿಂತು, "ನಿನ್ನ ಗಂಡಗ ಗಂಟಲಾ ಕೆಟ್ಟೈತೇನು? ಹಾಲಾಗ ಅರಿಶಿಣ ಹಾಕಿ ಕೊಡ್ಲಿ?" ಎಂದರು. ಇವರು ಮುಜುಗರದಿಂದ ನಕ್ಕ ಹಾಗೆ ಮಾಡಿದರು. ಸದ್ದಿಲ್ಲದ ನಗು. ನೋಡಲಾಗಲಿಲ್ಲ.

"ಎಲ್ಯಾರ ಹೋಗಿ ಬರೂಣು ನಡ್ರಿ" ಎಂದೆ.

"ಎಲ್ಲಿ?"

"ಲೋಂಡಾ ಮಟಾ. ಗಾಡ್ಯಾಗ ಹೋಗಿ ಹೊಳ್ಳಿ ಬರೂಣು."

ಬಸ್ಸಿನ ಹಾರ್ನೇ ಆಗದವಳು ರೈಲು ಹತ್ತುತ್ತೇನೆ ಎಂದದ್ದಕ್ಕೆ ಇವರಿಗೆ ಆಶ್ಚರ್ಯ. ಸ್ಟೇಷನ್ನಿನಲ್ಲಿ ಎಂಜಿನ್ ಹಾರ್ನಿಗೆ ಹೆದರಿ ಹಳದಿ ಕಿವಿಮುಚ್ಚಳ ಹಾಕಿಕೊಂಡೇ ಹತ್ತಿದೆ. ಜನ ನೋಡುತ್ತಿದ್ದರು. ಪ್ಯಾಸೆಂಜರ್ ಗಾಡಿ, ಜನ ಹೆಚ್ಚಿರಲಿಲ್ಲ, ಎದುರುಬದುರು ಕಿಟಕಿ ಸಿಕ್ಕವು. ಗಾಡಿ ವೇಗ ಹಿಡಿದ ಮೇಲೆ ಮುಚ್ಚಳ ತೆಗೆದು ಕೊರಳಿಗೆ ಇಳಿಸಿಕೊಂಡೆ. ಗಾಲಿಗಳ ಸದ್ದು ಕಿವಿ ತುಂಬಿತು. ಬಡಿಯುವ ಸದ್ದಲ್ಲ ಅದು, ಉರುಳುವ ಸದ್ದು. ನನ್ನೊಳಗಿನದಕ್ಕಾಗಿ ಹುಡುಕಿದೆ. ಸಿಗಲಿಲ್ಲ. ಎಷ್ಟೋ ತಿಂಗಳಲ್ಲಿ ಮೊದಲ ಸಲ ನನ್ನ ತಲೆಯಲ್ಲಿ ನಾನೊಬ್ಬಳೇ ಇದ್ದೆ. ಆಚೆ ಕಾಡು ಶುರುವಾಗಿತ್ತು.

ಇವರ ತುಟಿ ಆಡುತ್ತಿತ್ತು. ಏನೂ ಕೇಳಿಸಲಿಲ್ಲ.

"ಜೋರಾಗಿ ಮಾತಾಡ್ರಿ" ಎಂದೆ.

ಇವರು ಆಚೀಚೆ ನೋಡಿದರು. ಇನ್ನೊಮ್ಮೆ ಹೇಳಿದ ಮೇಲೆ ದನಿ ಎತ್ತಿದರು. ಕಟ್ಟಿಟ್ಟ ದನಿ, ಮೊದಲಿಗೆ ಒಡಕಾಗಿ ಬಂತು. "ಕಾರ್ಖಾನ್ಯಾಗೂ ಎಲ್ಲಾರೂ ಗಂಟಲಾ ಕೆಟ್ಟೈತೇನು ಅಂತ ಕೇಳ್ತಾರ. ರೂಢಿ ತಪ್ಪೇತಿ ನೋಡು."

ಇವರು ನನ್ನ ಕಡೆಗೆ ಬಾಗಿದರು.

"ಒಂದ ಮಾತ ಕೇಳಲೇನು? ನನ್ನ ದನಿಗೆ ಬ್ಯಾಸತ್ತ ಇಲ್ಲಿಗೆ ಬಂದೀ?"

"ಅಲ್ರಿ. ನಾ ಮನ್ಯಾಗ ಇದ್ರ ನೀವ ನಗೂದಿಲ್ಲ. ಕಟ್ಟಿ ಮ್ಯಾಲ ಕುಂತ ನಗಾಕತ್ತಿದ್ರಿ, ನಾ ಬಂದ ಕೂಡ್ಲೆ ಬಾಯಿ ಮುಚ್ಚಿದ್ರಿ. ಅವತ್ತ ಇಲ್ಲಿಗೆ ಬರಬೇಕಂತ ಅನಿಸ್ತು."

"ನಾ ನಕ್ರ ನಿನಗ ತ್ರಾಸ ಆಗತೈತಲ್ಲ."

"ಖರೇನ, ಆಗತೈತಿ. ಆದ್ರ ನೀವ ನಗಲಾರದ್ದು ಅದಕಿಂತ ಹೆಚ್ಚ ತ್ರಾಸ ಆಗತೈತ್ರಿ."

ಇವರು ಕಿಟಕಿಯ ಕಡೆಗೆ ತಿರುಗಿದರು. ಗುಂಜಿ ಸ್ಟೇಷನ್ನಿನಲ್ಲಿ ಗಾಡಿ ನಿಂತಿತು. ಅಲ್ಲಿ ಹೆಗಲ ಮೇಲೆ ಹಲಸಿನಹಣ್ಣು ಹೊತ್ತ ಮುದುಕರೊಬ್ಬರು ಹತ್ತಿ ನಮ್ಮ ಪಕ್ಕ ಕುಳಿತರು. ನನ್ನ ಕೊರಳಿನಲ್ಲಿದ್ದ ಹಳದಿ ಮುಚ್ಚಳವನ್ನು ಬಹಳ ಹೊತ್ತು ನೋಡಿ, ಇವರ ಕಡೆ ಬಾಗಿ ಗೌರವದಿಂದ ಕೇಳಿದರು: "ಅಕ್ಕಾರು ಹೆಲಿಕಾಪ್ಟರ್ ಹೊಡೀತಾರೇನ್ರಿ?"

ಇವರು ತಡೆಯಲು ನೋಡಿದರು. ಹೊಟ್ಟೆ ಕುಲುಕಿತು, ಕಣ್ಣಲ್ಲಿ ನೀರು ಬಂತು, ಆಮೇಲೆ ಹಳೇ ನಗು ಒಡೆದು ಹೊರಬಂತು. ಗಾಡಿ ಇನ್ನೂ ನಿಂತೇ ಇತ್ತು. ಕಿವಿಯಿಂದ ದವಡೆಯವರೆಗೆ ನನಗೆ ಉರಿ ಎದ್ದಿತು. ಒಂದು ಕೈಯಿಂದ ಕಿವಿ ಮುಚ್ಚಿಕೊಂಡೆ. ಇವರು ನೋಡಿ ಒಮ್ಮೆಲೆ ನಿಲ್ಲಿಸಹೋದರು. ಇನ್ನೊಂದು ಕೈಯಿಂದ ಇವರ ಮೊಣಕಾಲು ಗಟ್ಟಿಯಾಗಿ ಹಿಡಿದೆ. "ನಗ್ರಿ, ನಗ್ರಿ" ಎಂದೆ. ಮುದುಕರೂ ಏನೂ ತಿಳಿಯದೆ ನಕ್ಕರು.

ಅದರ ಬೆಲೆ ತೆರಬೇಕಾಯಿತು. ಆ ಸಂಜೆ ಒಳಗಿನ ಸದ್ದು ಎಂದೂ ಇಲ್ಲದಷ್ಟು ಏರಿತು, ಎರಡು ಮೂರು ದಿನ ಇಳಿಯಲಿಲ್ಲ. ಹೊಳ್ಳಿ ಬರುವಾಗ ನಾನು ಖಾನಾಪುರದಲ್ಲಿ ಇಳಿದೆ, ಇವರು ಅದೇ ಗಾಡಿಯಲ್ಲಿ ಬೆಳಗಾವಿಗೆ ಹೋದರು. ಇಬ್ಬರೂ ಕೂಡಿ ಊರಿಗೆ ಹೋಗೋಣ ಎಂದು ಯಾರೂ ಅನ್ನಲಿಲ್ಲ. ಒಂದು ನಗುವಿನಿಂದ ಕಿವಿ ವಾಸಿಯಾಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಈಗಲೂ ನಾನು ಖಾನಾಪುರದಲ್ಲೇ ಇದ್ದೇನೆ. ಮತ್ತೆ ತೋರಿಸಿದಾಗ ಡಾಕ್ಟರರು ಕಿವಿಮುಚ್ಚಳ ಕಡಿಮೆ ಮಾಡಿ, ಪೂರಾ ಸದ್ದಿಲ್ಲದ ಕಡೆ ಇರಬೇಡಿ, ಸದ್ದುಗಳನ್ನು ಸ್ವಲ್ಪ ಸ್ವಲ್ಪವೇ ಹತ್ತಿರ ಬಿಟ್ಟುಕೊಳ್ಳಿ ಎಂದರು. ಹಾಗೇ ಮಾಡುತ್ತಿದ್ದೇನೆ. ಠಸ್ಸೆಯನ್ನು ನಾನೇ ಹೊಡೆದರೆ ಅಷ್ಟು ನೋಯುವುದಿಲ್ಲ ಎಂದು ಕಂಡುಕೊಂಡೆ. ಮುಂಚೆ ಗೊತ್ತಿರುವ ಸದ್ದಿಗೆ ಕಿವಿ ತಯಾರಾಗಿರುತ್ತದೆ. ಒಂದೆರಡು ಸ್ಟೀಲ್ ವಾಟಿ ಇಟ್ಟುಕೊಂಡಿದ್ದೇನೆ. ಇವರು ಬಂದಾಗ ನಗು ಬಂದರೆ ನಗುತ್ತಾರೆ, ಆದರೆ ಮೊದಲು ನನ್ನ ಮುಖ ನೋಡುತ್ತಾರೆ. ಆ ನೋಟ ಹೋಗಲಿಲ್ಲ, ಹೋಗುವುದೂ ಇಲ್ಲವೇನೋ. ಮದುವೆ, ಮುಂಜಿವೆಗಳಿಗೆ ಇವರೊಬ್ಬರೇ ಹೋಗುತ್ತಾರೆ. ನನ್ನ ಬಗ್ಗೆ ಕೇಳುವುದನ್ನು ನೆಂಟರು ಬಿಟ್ಟಿದ್ದಾರೆ.

ಕಳೆದ ಮಳೆಗಾಲದಲ್ಲಿ ಕೌಂಟರಿಗೆ ಒಬ್ಬಾತ ಬಂದಿದ್ದ. ರೈಲ್ವೆ ಹಳಿಯ ಮೇಲೆ ಕೆಲಸ ಮಾಡುವವನು, ಪಾರ್ಸೆಲ್ ಕಳಿಸಬೇಕಿತ್ತು. ನಾನು ಕೇಳಿದ್ದನ್ನು ಎರಡೆರಡು ಸಲ ಕೇಳಿಸಿಕೊಳ್ಳುತ್ತಿದ್ದ. ಒಳಗೆ ಯಾರೋ ಕಬ್ಬಿಣದ ಕಪಾಟಿನ ಬಾಗಿಲನ್ನು ದಡ್ಡನೆ ಹಾಕಿದರು. ಆತನೂ ನಾನೂ ಒಟ್ಟಿಗೇ ಬೆಚ್ಚಿ ಕಣ್ಣು ಮುಚ್ಚಿದೆವು. ತೆರೆದಾಗ ಒಬ್ಬರನ್ನೊಬ್ಬರು ನೋಡುತ್ತಿದ್ದೆವು.

"ನಿಮಗೂ ಸಪ್ಪಳ ಬರ್ತೈತೇನ್ರಿ, ಒಳಗ?" ಎಂದು ಮೆಲ್ಲಗೆ ಕೇಳಿದೆ.

ಆತ ತಿರುಗಿ ಹಿಂದಿದ್ದವರನ್ನು ನೋಡಿದ. "ಯಾರ ಹೇಳಿದ್ರಿ ನಿಮಗ?"

"ಯಾರೂ ಹೇಳಿಲ್ರಿ. ನನಗೂ ಐತಿ."

ಆತ ಕಿಟಕಿಗೆ ಇನ್ನಷ್ಟು ಹತ್ತಿರ ಬಂದ. "ಯಾ ಕಿವಿ?"

"ಎರಡೂ. ಎಡಕ ಜಾಸ್ತಿ."

"ನಂದು ಬಲಕ" ಎಂದ. ಇನ್ನೇನೋ ಹೇಳಲು ಬಾಯಿ ತೆರೆದ. ಸಾಲಿನಲ್ಲಿ ಯಾರೋ ಲಗೂ ಮುಗಿಸಿರಿ ಎಂದು ಗೊಣಗಿದರು. ಆತ ರಸೀದಿಯನ್ನು ಅಂಗಿಯ ಜೇಬಿಗೆ ತುರುಕಿಕೊಂಡು, "ಮನ್ಯಾಗ ಹೇಳಿಲ್ರಿ ನಾ" ಎಂದಷ್ಟೇ ಹೇಳಿ, ಕೊಡೆ ಬಿಚ್ಚಿ ಮೆಟ್ಟಿಲಿಳಿದ. ನಾನು ಮುಂದಿನವರ ಲಕೋಟೆ ತೆಗೆದುಕೊಂಡೆ.